ಸ್ಕ್ಯಾನಿನಲ್ಲಿ ಇಲ್ಲದ ಕಿವಿ: ಮೂರು ಆಯಾಮದ ಮಾದರಿಯಲ್ಲಿ ಕಾಣೆಯಾದ ಭಾಗ ಕಟ್ಟುವ ಕ್ರಮ

ಹಳೆಯ ವಸ್ತುವಿನ ಫೋಟೊ ಹೊಡೆದು ಕಂಪ್ಯೂಟರಿನಲ್ಲಿ ಅದರ ಮೂರು ಆಯಾಮದ ಮಾದರಿ ಮಾಡುವವರೆಗೆ ಹೆಚ್ಚಿನವರು ಸುಸೂತ್ರವಾಗಿ ಬರುತ್ತಾರೆ. ಎಡವುವುದು ಅದರ ನಂತರ. ಮಾದರಿಯಲ್ಲಿ ಎಲ್ಲೋ ತೂತು ಕಾಣುತ್ತದೆ, ಎಲ್ಲೋ ಕಿವಿ ಇಲ್ಲ, ಎಲ್ಲೋ ಅಂಚು ಹಾರಿದೆ. ಒಂದೇ ಗುಂಡಿ ಒತ್ತಿ ಎಲ್ಲವನ್ನೂ ಒಟ್ಟಿಗೆ ಮುಚ್ಚಿಬಿಡುತ್ತಾರೆ. ಪರದೆಯ ಮೇಲೆ ಚಂದ ಕಾಣುತ್ತದೆ. ಪ್ರಿಂಟ್ ಮಾಡಿ ಮೂಲಕ್ಕೆ ಹಿಡಿದಾಗ ಕೂರುವುದಿಲ್ಲ. ಎಷ್ಟು ಭಾಗ ನಿಜ, ಎಷ್ಟು ನಾವು ಸೇರಿಸಿದ್ದು ಎಂದು ಆರು ತಿಂಗಳ ಮೇಲೆ ಕೇಳಿದರೆ ಮಾಡಿದವರಿಗೇ ಗೊತ್ತಿರುವುದಿಲ್ಲ.

ಕೆಳಗಿನ ಹಂತಗಳಿಗೆಲ್ಲ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಹಲಸಿನ ಮರದ ಹಂದಿಮೋರೆಯ ಮೊಗ (ದೈವಾರಾಧನೆಯ ಮುಖವಾಡ), ಅಗಲ 300 ಮಿ.ಮೀ. ಎಡಗಿವಿ ಬುಡದಲ್ಲೇ ಮುರಿದಿದೆ. ಗದ್ದದ ಅಡಿಭಾಗ ಸ್ಕ್ಯಾನಿಗೆ ಸಿಕ್ಕಿಲ್ಲ. ಎಡ ಎಂದರೆ ಮೊಗದ ಎಡ, ನೋಡುವವರ ಎಡವಲ್ಲ. ಫೈಲಿನ ಹೆಸರಿನಲ್ಲೂ ಇದೇ ಲೆಕ್ಕ ಇಟ್ಟುಕೊಳ್ಳಿ, ಇಲ್ಲವಾದರೆ ಮುಂದೆ ಪ್ರತಿಬಿಂಬ ಮಾಡುವಾಗ ತಲೆ ಕೆಡುತ್ತದೆ.

ಬೇಕಾದ ಸಾಮಾನು

ತಂತ್ರಾಂಶ ನಾಲ್ಕು, ನಾಲ್ಕೂ ಉಚಿತ: ಫೋಟೊಗಳಿಂದ ಮಾದರಿ ಮಾಡಲು ಮೆಶ್‌ರೂಮ್, ಶುಚಿ ಮಾಡಲು ಮೆಶ್‌ಲ್ಯಾಬ್, ಅಳತೆ ಮತ್ತು ಜೋಡಣೆಗೆ ಕ್ಲೌಡ್‌ಕಂಪೇರ್, ಕಟ್ಟುವ ಕೆಲಸಕ್ಕೆ ಬ್ಲೆಂಡರ್. ಮೆಶ್‌ರೂಮ್ ಪೂರ್ತಿ ವಿವರದಲ್ಲಿ ಓಡಬೇಕಾದರೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಬೇಕು. ಅದಿಲ್ಲದವರು ಫೋಟೊಗಳನ್ನು ಮೊಬೈಲ್ ಆ್ಯಪ್‌ಗಳ ಸರ್ವರಿಗೆ ಕಳಿಸಿ ಮಾದರಿ ತರಿಸಿಕೊಳ್ಳಬಹುದು. ಉಳಿದ ಮೂರಕ್ಕೆ 16 ಜಿಬಿ ಮೆಮೊರಿ ಸಾಕು.

ಕೈಗೆ ಒಂದು ವರ್ನಿಯರ್ ಕ್ಯಾಲಿಪರ್, 100 ಮಿ.ಮೀ. ಗುರುತು ಇರುವ ಎರಡು ಪಟ್ಟಿ (ಫೋಟೊದಲ್ಲಿ ವಸ್ತುವಿನ ಪಕ್ಕ ಇಡಲು), ಮಿಂಚದ ಬೂದು ಬಟ್ಟೆ. ಕೆಲವು ಫೋನುಗಳಲ್ಲಿ ಬರುವ ಲೈಡಾರ್ (ಲೇಸರ್ ಬೆಳಕಿನಿಂದ ದೂರ ಅಳೆಯುವ ಸಾಧನ) ಕೋಣೆ, ಗೋಡೆ ಅಳೆಯಲು ಒಳ್ಳೆಯದು. ಮುರಿದ ಕಿವಿಯ ಬುಡದ ವಿವರ ಅದರಲ್ಲಿ ಬರುವುದಿಲ್ಲ. ಈ ಕೆಲಸಕ್ಕೆ ಫೋಟೊಗಳೇ ಆಗಬೇಕು.

ಹಂತ 1: ಕಟ್ಟುವ ಮೊದಲು ಮತ್ತೊಮ್ಮೆ ಸ್ಕ್ಯಾನ್

ಇದ್ದ ಭಾಗವನ್ನು ಕಲ್ಪಿಸಿ ಕಟ್ಟುವುದಕ್ಕಿಂತ ಹತ್ತು ಫೋಟೊ ಹೆಚ್ಚು ತೆಗೆಯುವುದು ಸುಲಭ. ಮೊಗದ ಸುತ್ತ ಮೂರು ಎತ್ತರದಲ್ಲಿ ಮೂರು ಸುತ್ತು ಬನ್ನಿ. ಒಂದೊಂದು ಸುತ್ತಿಗೆ 30ರಿಂದ 36 ಫೋಟೊ, ಅಂದರೆ 10ರಿಂದ 12 ಡಿಗ್ರಿಗೊಂದು. ಒಂದು ಫೋಟೊದ ಶೇ. 70ರಷ್ಟು ಮುಂದಿನದರಲ್ಲೂ ಇರಲಿ. ಮುರಿದ ಜಾಗಕ್ಕೆ ಬೇರೆಯೇ 15–20 ಫೋಟೊ ಬೇಕು. ಆದರೆ ದೂರದಿಂದ ಒಮ್ಮೆಲೇ ಹತ್ತಿರ ಹಾರಬೇಡಿ. ನಡುವೆ ಎರಡು ಮೂರು ಮೆಟ್ಟಿಲು ಇರಲಿ, ಇಲ್ಲದಿದ್ದರೆ ಹತ್ತಿರದ ಫೋಟೊಗಳು ಉಳಿದವುಗಳ ಜೊತೆ ಸೇರುವುದಿಲ್ಲ. ಫೋಕಸ್ ಮತ್ತು ಬೆಳಕಿನ ಪ್ರಮಾಣ ಲಾಕ್ ಮಾಡಿ. ಫ್ಲ್ಯಾಶ್ ಬೇಡ.

ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಸ್ಕ್ಯಾನ್ ಕೆಡಿಸುವುದು ತೆಂಗು, ಅಡಿಕೆ ಸೋಗೆಯ ನೆರಳು. ಗಾಳಿಗೆ ಗರಿ ಆಡಿದಂತೆ ಬಿಸಿಲಿನ ಚುಕ್ಕೆಗಳು ವಸ್ತುವಿನ ಮೇಲೆ ಓಡುತ್ತವೆ. ತಂತ್ರಾಂಶ ಆ ಚುಕ್ಕೆಗಳನ್ನೇ ಗುರುತು ಎಂದು ಹಿಡಿದು ದಾರಿ ತಪ್ಪುತ್ತದೆ. ಮೋಡದ ಹೊತ್ತು, ಇಲ್ಲವೇ ಮನೆಯ ಜಗಲಿ ಒಳ್ಳೆಯದು. ಮಳೆಗಾಲದಲ್ಲಿ ಮುರಕಲ್ಲು (ಜಂಬಿಟ್ಟಿಗೆ) ನೆನೆದು ಕಪ್ಪಾಗಿ ಮಿನುಗುತ್ತದೆ, ಅದರ ಸಣ್ಣ ಕುಳಿಗಳಲ್ಲಿ ನೀರು ನಿಂತಿರುತ್ತದೆ. ಅರ್ಧ ಒಣಗಿದ ಕಲ್ಲನ್ನು ತೆಗೆದರೆ ಒಂದೇ ಮೇಲ್ಮೈಯಲ್ಲಿ ಎರಡು ಬಣ್ಣ. ಪೂರ್ತಿ ಒಣಗುವವರೆಗೆ ಕಾಯಿರಿ.

ಹಿತ್ತಾಳೆ, ಕಂಚಿನ ಹೊಳಪಿಗೆ ಬಿಳಿ ಪುಡಿಯ ಸ್ಪ್ರೇ ಹೊಡೆಯುವ ಉಪಾಯ ವಿಡಿಯೊಗಳಲ್ಲಿ ಕಾಣುತ್ತದೆ. ಪೂಜೆಯಲ್ಲಿರುವ ವಸ್ತುವಿಗೂ ಹಳೆಯ ಬಣ್ಣವಿರುವ ಮರಕ್ಕೂ ಅದು ಕೂಡದು. ಮೇಲೆ ಬಿಳಿ ಬಟ್ಟೆ ಕಟ್ಟಿ ಬೆಳಕು ಹರಡಿಸಿ, ಲೆನ್ಸಿಗೆ ಪೋಲರೈಸರ್ ಹಾಕಿ. ದೈವದ ಮೊಗವಾದರೆ ಗುತ್ತಿನವರ (ದೈವದ ಹೊಣೆ ಹೊತ್ತ ಮನೆತನದವರ) ಅನುಮತಿ ಮೊದಲು, ಮುಟ್ಟುವವರು ಯಾರು ಎಂಬ ತೀರ್ಮಾನವೂ ಅವರದ್ದೇ. ತಿರುಗಿಸಬಾರದು ಎಂದರೆ ಬೆನ್ನಿನ ಕಡೆ ಸ್ಕ್ಯಾನ್ ಇರುವುದಿಲ್ಲ, ಅಷ್ಟೆ. ಆ ಖಾಲಿ ಜಾಗ ಖಾಲಿಯಾಗಿಯೇ ಇರಲಿ. ಬೇಕಲದ ಕೋಟೆಯಂಥ ಸಂರಕ್ಷಿತ ಸ್ಥಳದಲ್ಲಿ ಟ್ರೈಪಾಡ್ ಹಿಡಿದು ನಿಲ್ಲುವ ಮೊದಲು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ.

ಹಂತ 2: ಇಲ್ಲದ್ದು ಯಾಕೆ ಇಲ್ಲ?

ಇಡೀ ಕೆಲಸ ನಿಂತಿರುವುದು ಈ ಪ್ರಶ್ನೆಯ ಮೇಲೆ. ಕಾಣೆಯಾದ ಭಾಗ ಎರಡು ಬಗೆ. ವಸ್ತುವಿನಲ್ಲಿ ಇದೆ, ಕ್ಯಾಮೆರಾಕ್ಕೆ ಕಾಣಲಿಲ್ಲ: ಇದು ಸ್ಕ್ಯಾನಿನ ತೂತು. ವಸ್ತುವಿನಲ್ಲೇ ಇಲ್ಲ: ಇದು ಮುರಿತ. ಗದ್ದದ ಅಡಿ ಮೊದಲನೆಯದು, ಎಡಗಿವಿ ಎರಡನೆಯದು.

ಬ್ಲೆಂಡರಿನಲ್ಲಿ ಎಡಿಟ್ ಮೋಡಿಗೆ ಹೋಗಿ ‘ಸೆಲೆಕ್ಟ್’ ಪಟ್ಟಿಯಲ್ಲಿ ‘ನಾನ್ ಮ್ಯಾನಿಫೋಲ್ಡ್’ ಆರಿಸಿ. ತೆರೆದ ಅಂಚುಗಳೆಲ್ಲ ಹೊಳೆಯುತ್ತವೆ. ಗದ್ದದಡಿಯಲ್ಲಿ ಹರಿದ ಕಾಗದದಂಥ ಅಂಚು, ಉದ್ದುದ್ದ ಸಪೂರ ತ್ರಿಕೋನಗಳು, ಗಾಳಿಯಲ್ಲಿ ತೇಲುವ ಚೂರುಗಳು ಕಂಡರೆ ಅದು ಸ್ಕ್ಯಾನಿನ ತೂತು. ಈಗ ಕಿವಿಯ ಬುಡ ನೋಡಿ. ಅಲ್ಲಿ ತೂತೇ ಇರಬಾರದು. ಮುರಿದ ಮರದ ಮುಖ ಅಲ್ಲಿದೆ, ಅದಕ್ಕೆ ನಾರಿನ ಗೆರೆ ಇದೆ, ಒಂದು ಬದಿಯಲ್ಲಿ ಸಿಬಿರು ಎದ್ದಿದೆ. ಅದೂ ಒಂದು ಮೇಲ್ಮೈಯೇ, ಸ್ಕ್ಯಾನಿನಲ್ಲಿ ಸಿಗಲೇಬೇಕು. ಹಾಗಾಗಿ ತೂತು ಮುಚ್ಚುವ ಯಾವ ಸಾಧನಕ್ಕೂ ಮುರಿದ ಕಿವಿ ಕಾಣುವುದಿಲ್ಲ. ಅದರ ಲೆಕ್ಕದಲ್ಲಿ ಅಲ್ಲಿ ಏನೂ ಕಾಣೆಯಾಗಿಲ್ಲ.

ಎಚ್ಚರಿಕೆಯ ಗುರುತು ಇಲ್ಲೇ ಇದೆ: ಮುರಿದ ಜಾಗದಲ್ಲೂ ತೆರೆದ ಅಂಚು ಹೊಳೆದರೆ ಮುರಿದ ಮುಖ ಸ್ಕ್ಯಾನ್ ಆಗಿಲ್ಲ ಎಂದೇ ಅರ್ಥ. ಹಂತ 1ಕ್ಕೆ ಹಿಂತಿರುಗಿ. ಆ ಮುಖವಿಲ್ಲದೆ ಹೊಸ ಕಿವಿ ಎಂದಿಗೂ ಕೂರದು.

ಹಂತ 3: ಅಳತೆ, ಶುಚಿ, ಬೀಗ

ಫೋಟೊದಿಂದ ಬಂದ ಮಾದರಿಗೆ ಆಕಾರ ಇರುತ್ತದೆ, ಗಾತ್ರ ಇರುವುದಿಲ್ಲ. ಕ್ಲೌಡ್‌ಕಂಪೇರಿನಲ್ಲಿ ಪಟ್ಟಿಯ ಎರಡು ಗುರುತುಗಳ ನಡುವಿನ ದೂರ ಓದಿ, 100ನ್ನು ಅದರಿಂದ ಭಾಗಿಸಿ, ಬಂದ ಸಂಖ್ಯೆಯಿಂದ ಮಾದರಿಯನ್ನು ಹಿಗ್ಗಿಸಿ. ಎರಡನೆಯ ಪಟ್ಟಿಯಲ್ಲಿ ತಾಳೆ ನೋಡಿ. ವ್ಯತ್ಯಾಸ ಅರ್ಧ ಮಿ.ಮೀ. ದಾಟಿದರೆ ಮಾದರಿಯೇ ಸೊಟ್ಟಗಿದೆ. ಕ್ಯಾಲಿಪರಿನಲ್ಲಿ ಮೂಗಿನ ಅಗಲವನ್ನೂ ಒಮ್ಮೆ ಅಳೆದು ಹೋಲಿಸಿ.

ಮೆಶ್‌ಲ್ಯಾಬಿನಲ್ಲಿ ತೇಲುವ ಚೂರು, ಬಟ್ಟೆ, ಮೇಜು ಎಲ್ಲ ಅಳಿಸಿ. ನಯ ಮಾಡುವ ಯಾವ ಫಿಲ್ಟರನ್ನೂ ಈಗ ಮುಟ್ಟಬೇಡಿ. ಮುರಿತದ ಅಂಚು ಒಮ್ಮೆ ನಯವಾದರೆ ಹೋಯಿತು. ಇಷ್ಟಾದ ಮೇಲೆ ‘ಮೊಗ_ಮೂಲ’ ಎಂದು ಪಿಎಲ್‌ವೈ ರೂಪದಲ್ಲಿ ಉಳಿಸಿ, ಫೈಲನ್ನು ಓದಲು ಮಾತ್ರ ಎಂದು ಮಾಡಿಡಿ. ಎಸ್‌ಟಿಎಲ್ ಬೇಡ, ಆ ಫೈಲ್ ರೂಪದಲ್ಲಿ ಬಣ್ಣ ಉಳಿಯದು. ಮುಂದಿನ ಕೆಲಸವೆಲ್ಲ ನಕಲಿನ ಮೇಲೆ.

ಹಂತ 4: ಸ್ಕ್ಯಾನಿನ ತೂತು ಮುಚ್ಚುವುದು

ಸಣ್ಣ ತೂತಿಗೆ ಮೆಶ್‌ಲ್ಯಾಬಿನ ‘ಕ್ಲೋಸ್ ಹೋಲ್ಸ್’ ಸಾಕು. ಅದರಲ್ಲಿ ಮೊದಲೇ ಇರುವ ಮಿತಿ 30, ಅಂದರೆ 30 ಅಂಚುಗಳವರೆಗಿನ ತೂತು. ಕೆಲವರು ಅದನ್ನೇ ಸಾವಿರಕ್ಕೆ ಏರಿಸುತ್ತಾರೆ. ಆಗ ಮೊಗದ ಹಿಂಬದಿಯ ದೊಡ್ಡ ಬಾಯಿಗೂ ಡೋಲಿನ ಚರ್ಮ ಬಿಗಿದಂತೆ ಚಪ್ಪಟೆ ಹಾಳೆ ಬೀಳುತ್ತದೆ. ಮಿತಿ ಏರಿಸುವ ಬದಲು ಬೇಕಾದ ತೂತನ್ನಷ್ಟೇ ಆರಿಸಿ ಮುಚ್ಚಿ.

ಗದ್ದದಡಿಯಂಥ ಬಾಗಿದ, ದೊಡ್ಡ ತೂತಿಗೆ ‘ಸ್ಕ್ರೀನ್ಡ್ ಪ್ವಾಸಾನ್’ ಒಳ್ಳೆಯದು. ಅದು ಸುತ್ತಲಿನ ಇಳಿಜಾರು ನೋಡಿ ಮೇಲ್ಮೈ ಎಳೆಯುತ್ತದೆ. ಇಲ್ಲಿ ಮುಖ್ಯವಾದ ಸಂಖ್ಯೆ ‘ಡೆಪ್ತ್’. ಡೆಪ್ತ್ 8 ಎಂದರೆ ಜಾಗವನ್ನು ಒಂದೊಂದು ದಿಕ್ಕಿಗೆ 256 ಮನೆಗಳಾಗಿ ಭಾಗಿಸಿದಂತೆ, 300 ಮಿ.ಮೀ. ಮೊಗದಲ್ಲಿ ಒಂದು ಮನೆ ಸುಮಾರು 1.2 ಮಿ.ಮೀ. ಉಳಿಯ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಡೆಪ್ತ್ 10ರಲ್ಲಿ 1024 ಮನೆ, ಒಂದು ಮನೆ ಸುಮಾರು 0.3 ಮಿ.ಮೀ., ಸಾಕಷ್ಟಾಯಿತು. 12ಕ್ಕೆ ಏರಿಸಿದರೆ ಮೆಮೊರಿ ಮುಗಿದು ತಂತ್ರಾಂಶ ನಿಲ್ಲಬಹುದು, ಲಾಭವೂ ಇಲ್ಲ, ಫೋಟೊದಲ್ಲಿ ಅಷ್ಟು ವಿವರವೇ ಇರುವುದಿಲ್ಲ.

ಪ್ವಾಸಾನಿನ ಕೆಟ್ಟ ಗುಣ ಎಂದರೆ ಅದು ಎಲ್ಲವನ್ನೂ ಮುಚ್ಚುತ್ತದೆ. ಮೊಗದ ಬೆನ್ನಿಗೆ ಬಲೂನ್ ಊದಿದಂತೆ ಗುಡ್ಡೆ ಬರುವುದು ಇದರಿಂದ. ಕ್ಲೌಡ್‌ಕಂಪೇರಿನ ಪ್ವಾಸಾನ್ ಪ್ಲಗಿನ್‌ನಲ್ಲಿ ಸಾಂದ್ರತೆಯನ್ನು ಜೊತೆಗೆ ಕೊಡುವ ಆಯ್ಕೆ ಇದೆ. ಅದನ್ನು ಹಾಕಿದರೆ ಫೋಟೊದ ಆಧಾರವಿಲ್ಲದ ಮೇಲ್ಮೈ ಬೇರೆ ಬಣ್ಣದಲ್ಲಿ ಕಾಣುತ್ತದೆ, ಕತ್ತರಿಸುವುದು ಸುಲಭ. ಆಮೇಲೆ ಗದ್ದದ ತೇಪೆಯನ್ನಷ್ಟೇ ಕತ್ತರಿಸಿ ತಂದು ಮೂಲಕ್ಕೆ ಸೇರಿಸಿ. ಪ್ವಾಸಾನ್ ಕೊಟ್ಟ ಇಡೀ ಮೊಗವನ್ನು ಮೂಲದ ಬದಲಿಗೆ ಇಡಬೇಡಿ.

ಹಂತ 5: ಪ್ರತಿಬಿಂಬದಿಂದ ಕಿವಿ

ಬಲಗಿವಿ ಇದೆ, ಎಡಗಿವಿ ಇಲ್ಲ. ತಿರುಗಿಸಿ ಅಂಟಿಸಿದರಾಯಿತು ಎನ್ನುವಲ್ಲಿಯೇ ಹೆಚ್ಚಿನ ಕೆಲಸ ಕೆಡುತ್ತದೆ. ಕೈಯಲ್ಲಿ ಕೆತ್ತಿದ ಮೊಗದ ನಡುಗೆರೆ ನೇರ ಇರುವುದಿಲ್ಲ. ಮೂಗಿನ ಮೇಲೆ ಕಣ್ಣಳತೆಯಲ್ಲಿ ಗೆರೆ ಹಾಕಿ ತಿರುಗಿಸಿದರೆ ಕಿವಿ ಒಂದೋ ತಲೆಯೊಳಗೆ ಹುಗಿದುಕೊಳ್ಳುತ್ತದೆ, ಒಂದೋ ಗಾಳಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಕೈಯಲ್ಲೇ ಎಳೆದಾಡಲು ಶುರುಮಾಡುತ್ತಾರೆ. ಮಾಡಬೇಕಾದ್ದು ಹೀಗೆ:

1. ಇಡೀ ಮೊಗದ ನಕಲು ಮಾಡಿ ಬ್ಲೆಂಡರಿನಲ್ಲಿ ಎಕ್ಸ್ ಅಕ್ಷಕ್ಕೆ ಪ್ರತಿಬಿಂಬಿಸಿ. ಕಂಟ್ರೋಲ್ ಮತ್ತು ಎ ಒತ್ತಿ ಸ್ಕೇಲ್ ಅನ್ವಯಿಸಿ, ನಂತರ ನಾರ್ಮಲ್‌ಗಳನ್ನು (ಪ್ರತಿ ತ್ರಿಕೋನದ ಹೊರಬದಿ ಯಾವುದೆಂದು ತೋರುವ ದಿಕ್ಕುಗಳನ್ನು) ಹೊರಮುಖ ಮಾಡಿ. ಇದನ್ನು ಬಿಟ್ಟರೆ ಮೊಗ ಒಳಹೊರಗಾಗಿರುತ್ತದೆ. ಈಗ ಗೊತ್ತಾಗುವುದಿಲ್ಲ, ಹಂತ 8ರಲ್ಲಿ ಎಲ್ಲ ತಲೆಕೆಳಗಾಗುತ್ತದೆ.

2. ಮೂಲ ಮತ್ತು ಪ್ರತಿಬಿಂಬ ಎರಡರ ಇನ್ನೊಂದು ನಕಲಿನಿಂದ ಕಿವಿಗಳನ್ನೂ ಮುರಿದ ಜಾಗವನ್ನೂ ಕತ್ತರಿಸಿ ತೆಗೆಯಿರಿ. ಉಳಿದ ಮುಖಗಳನ್ನಷ್ಟೇ ಜೋಡಿಸುವುದು. ಇರುವ ಕಿವಿ, ಇಲ್ಲದ ಕಿವಿಯನ್ನು ಹುಡುಕಿಕೊಂಡು ಹೋಗಿ ಇಡೀ ಜೋಡಣೆಯನ್ನು ಒಂದು ಬದಿಗೆ ಎಳೆಯಬಾರದು.

3. ಕ್ಲೌಡ್‌ಕಂಪೇರಿನಲ್ಲಿ ಕಣ್ಣಿನ ಮೂಲೆ, ಮೂಗಿನ ತುದಿ, ಬಾಯಿಯ ಮೂಲೆ ಹೀಗೆ ನಾಲ್ಕೈದು ಜೋಡಿ ಬಿಂದು ಕೊಟ್ಟು ಒರಟಾಗಿ ಕೂರಿಸಿ. ನೆನಪಿರಲಿ, ಪ್ರತಿಬಿಂಬದಲ್ಲಿ ಬಲಗಣ್ಣು ಎಡಕ್ಕೆ ಬಂದಿರುತ್ತದೆ. ನಂತರ ಐಸಿಪಿ (ಎರಡು ಮೇಲ್ಮೈಗಳನ್ನು ಮತ್ತೆ ಮತ್ತೆ ಸರಿಸಿ ಹತ್ತಿರ ಕೂರಿಸುವ ಲೆಕ್ಕ) ಓಡಿಸಿ. ‘ಅಡ್ಜಸ್ಟ್ ಸ್ಕೇಲ್’ ಗುರುತು ತೆಗೆಯಿರಿ, ಒಂದೇ ವಸ್ತುವಿನ ಎರಡು ಮಗ್ಗುಲಿಗೆ ಗಾತ್ರ ಬದಲಿಸಲು ಕಾರಣವಿಲ್ಲ. ‘ಫೈನಲ್ ಓವರ್‌ಲ್ಯಾಪ್’ 100ರಲ್ಲಿ ಇರುತ್ತದೆ, 80ಕ್ಕೆ ಇಳಿಸಿ.

4. ಈಗ ಎರಡನೆಯ ಸಲ, ಕಿವಿಯ ಬುಡದ ಸುತ್ತ 60ರಿಂದ 80 ಮಿ.ಮೀ. ಭಾಗವನ್ನಷ್ಟೇ ಇಟ್ಟುಕೊಂಡು ಐಸಿಪಿ. ಇಡೀ ಮುಖ ಸರಾಸರಿಯಲ್ಲಿ ಕೂತರೂ ಕಿವಿಯ ಬಳಿ ಎರಡು ಮಿ.ಮೀ. ತಪ್ಪಿರಬಹುದು, ನಮಗೆ ಬೇಕಾದ್ದು ಅಲ್ಲಿನ ನಿಖರತೆ. ಆದರೆ ಆರಿಸಿದ ಭಾಗ ಬರೀ ನುಣ್ಣಗಿನ ಕೆನ್ನೆಯಾದರೆ ಐಸಿಪಿ ಜಾರುತ್ತದೆ. ಹುಬ್ಬಿನ ಅಂಚು, ಕಣ್ಣಿನ ಗಡಿಯಂಥ ಹಿಡಿತ ಸೇರಿರಲಿ.

5. ಎರಡು ಸಲವೂ ಕನ್ಸೋಲಿನಲ್ಲಿ ಬರುವ ಮ್ಯಾಟ್ರಿಕ್ಸ್ (ಎಷ್ಟು ಸರಿಸಿ ತಿರುಗಿಸಿತು ಎಂಬ ಸಂಖ್ಯೆಗಳ ಪಟ್ಟಿ) ನಕಲು ಮಾಡಿ, ಕಿವಿ ಇರುವ ಪೂರ್ತಿ ಪ್ರತಿಬಿಂಬಕ್ಕೆ ಅದೇ ಕ್ರಮದಲ್ಲಿ ಅನ್ವಯಿಸಿ. ಒರಟು ಜೋಡಣೆಯ ಮ್ಯಾಟ್ರಿಕ್ಸನ್ನೂ ಮರೆಯಬೇಡಿ.

6. ಮುರಿತದ ಸುತ್ತ ಎರಡು ಮೇಲ್ಮೈಗಳ ಅಂತರ ಅಳೆಯಿರಿ. 1 ಮಿ.ಮೀ. ಒಳಗಿದ್ದರೆ ಮುಂದೆ ಹೋಗಿ. 3 ಮಿ.ಮೀ. ದಾಟಿದರೆ ಆ ಮೊಗದ ಎರಡು ಮಗ್ಗುಲೇ ಬೇರೆ ಬೇರೆ. ಬ್ಲೆಂಡರಿನ ‘ಲ್ಯಾಟಿಸ್’ (ಸುತ್ತ ಪಂಜರ ಹಾಕಿ ಬಾಗಿಸುವ ಸಾಧನ) ಬಳಸಿ ಬುಡವನ್ನು ನಿಧಾನ ಬಾಗಿಸಿ, ತುದಿಯನ್ನು ಮುಟ್ಟಬೇಡಿ.

ಕಿವಿ ಕೂತ ಮೇಲೆ ಹತ್ತಿರದಿಂದ ನೋಡಿ. ಬಲಗಿವಿಯ ತುದಿಯಲ್ಲಿ ಒಂದು ಸೀಳು ಇತ್ತೆನ್ನಿ, ಅದೇ ಸೀಳು ಈಗ ಎಡಗಿವಿಯ ತುದಿಯಲ್ಲೂ ಇದೆ. ಹುಳ ತಿಂದ ಮೂರು ತೂತು, ಎದ್ದ ಬಣ್ಣದ ಹಪ್ಪಳೆ, ಎಲ್ಲ ಜೋಡಿ ಜೋಡಿ. ಬಲಗಿವಿಗೆ ಆದ ಗಾಯ ಎಡಗಿವಿಗೆ ಆಗಿರಲಿಲ್ಲ. ಬ್ಲೆಂಡರಿನ ಸ್ಕಲ್ಪ್ಟ್ ಮೋಡಿನಲ್ಲಿ (ಕುಂಚದಿಂದ ಮೇಲ್ಮೈ ತಿದ್ದುವ ಕಡೆ) ಇಂಥ ಗುರುತುಗಳನ್ನಷ್ಟೇ ತುಂಬಿ ಒರೆಸಿ.

ಪ್ರತಿಬಿಂಬ ಕೂಡದ ಜಾಗಗಳೂ ಇವೆ. ಸುತ್ತಿಕೊಂಡ ನಾಗನ ಸುರುಳಿ ತಿರುಗಿಸಿದರೆ ಸುತ್ತುವ ದಿಕ್ಕೇ ಬದಲಾಗುತ್ತದೆ. ವಿಗ್ರಹದ ಕೈಯನ್ನು ತಿರುಗಿಸಿದರೆ ಶಂಖ ಇರಬೇಕಾದ ಕೈಗೆ ಚಕ್ರ ಬರುತ್ತದೆ. ಒಂದೇ ಬದಿಗೆ ವಾಲಿದ ಮುಡಿ, ಮೂಗಿನ ಒಂದೇ ಹೊಳ್ಳೆಯ ನತ್ತು, ಅಕ್ಷರ: ಇವೆಲ್ಲ ಅದೇ ಗುಂಪು.

ಹಂತ 6: ಗಿಂಡಿ, ಮಡಕೆ, ಕಾಲುದೀಪ

ಉರುಟಾದ ವಸ್ತುವಿಗೆ ಪ್ರತಿಬಿಂಬ ಬೇಡ, ಅಕ್ಷ ಸಾಕು. ಕುತ್ತಿಗೆ, ಹೊಟ್ಟೆ, ಬುಡ ಈ ಮೂರು ಎತ್ತರದಲ್ಲಿ ಅಡ್ಡ ಕೊಯ್ದು ಮೂರು ವೃತ್ತ ಕೂರಿಸಿ. ಕೇಂದ್ರಗಳನ್ನು ಸೇರಿಸುವ ಗೆರೆಯೇ ಅಕ್ಷ. ಉಳಿದ ಭಾಗದ ಒಂದು ನೆಟ್ಟಗಿನ ರೇಖೆಯನ್ನು ಬ್ಲೆಂಡರಿನ ‘ಸ್ಪಿನ್’ ಸಾಧನದಲ್ಲಿ ಅದರ ಸುತ್ತ ತಿರುಗಿಸಿದರೆ ಗೋಡೆ ಬರುತ್ತದೆ. ಗಿಂಡಿಯ ಮೂತಿ ಬೇರೆ, ಅದು ತಿರುಗುವ ಭಾಗವಲ್ಲ.

ಬಾಯಿಯ ಸಣ್ಣ ತುಂಡು ಮಾತ್ರ ಸಿಕ್ಕಿದ್ದರೆ ವ್ಯಾಸವನ್ನು ನಂಬುವ ಮೊದಲು ಈ ಲೆಕ್ಕ ನೋಡಿ. ತುಂಡಿನ ತುದಿಯಿಂದ ತುದಿಗೆ 60 ಮಿ.ಮೀ., ನಡುವಿನ ಉಬ್ಬು 5 ಮಿ.ಮೀ. ಅನ್ನಿ. ತ್ರಿಜ್ಯ ಎಂದರೆ 60ರ ವರ್ಗವನ್ನು ಉಬ್ಬಿನ ಎಂಟರಷ್ಟರಿಂದ ಭಾಗಿಸಿ, ಅದಕ್ಕೆ ಉಬ್ಬಿನ ಅರ್ಧ ಕೂಡಿಸಿದ್ದು: 92.5 ಮಿ.ಮೀ. ಅದೇ ಉಬ್ಬನ್ನು 4.5 ಎಂದು ಓದಿದರೆ 102 ದಾಟುತ್ತದೆ. ಅಳತೆಯಲ್ಲಿ ಅರ್ಧ ಮಿ.ಮೀ. ತಪ್ಪು, ಮಡಕೆಯ ಬಾಯಿ ಎರಡು ಸೆಂ.ಮೀ. ಅಗಲ. ಇಂಥಲ್ಲಿ ಒಂದೇ ಮಡಕೆ ಕಟ್ಟಿ ಇದೇ ಎನ್ನುವ ಬದಲು ಕಿರಿದು, ಹಿರಿದು ಎರಡನ್ನೂ ಕಟ್ಟಿಡುವುದು ಪ್ರಾಮಾಣಿಕ ಕೆಲಸ.

ಹಂತ 7: ಜೋಡಿಯೂ ಇಲ್ಲ, ಅಕ್ಷವೂ ಇಲ್ಲ

ವೀರಗಲ್ಲಿನ ವೀರನ ಮುಖ ಸವೆದು ಹೋಗಿದೆ ಅನ್ನಿ. ಅದೇ ಕಲ್ಲಿನಲ್ಲಿ ಇನ್ನೊಂದು ಮುಖ ಉಳಿದಿದ್ದರೆ ಎರವಲು ತರಬಹುದು. ಹಿಗ್ಗಿಸುವಾಗ ಮೂರೂ ದಿಕ್ಕಿಗೆ ಒಂದೇ ಪ್ರಮಾಣ. ಬೇರೆ ಊರಿನ ಕಲ್ಲಿನಿಂದ ತಂದರೆ ಅದು ಊಹೆ ಎಂದೇ ದಾಖಲಾಗಬೇಕು. ಏನೂ ಸಿಗದಿದ್ದರೆ ನುಣ್ಣಗಿನ ಖಾಲಿ ಉಬ್ಬು ಇಟ್ಟು ಬಿಡಿ, ಕಣ್ಣು ಮೂಗು ಬಿಡಿಸಬೇಡಿ. ಶಾಸನದ ಅಕ್ಷರವನ್ನಂತೂ ಸ್ಕಲ್ಪ್ಟ್ ಕುಂಚದಲ್ಲಿ ತಿದ್ದಲೇಬೇಡಿ. ಒಂದು ಕೊಂಬು ಎಳೆದರೆ ಹೆಸರು ಬದಲಾಗುತ್ತದೆ. ಓದಲು ಸಹಾಯ ಬೇಕಿದ್ದರೆ ಬೆಳಕನ್ನು ಓರೆಯಿಂದ ಬಿಟ್ಟು ಚಿತ್ರ ತೆಗೆಯಿರಿ, ಮೇಲ್ಮೈ ಹಾಗೇ ಇರಲಿ.

ಹಂತ 8: ಬೆಸುಗೆಯ ಮುಖ

ಪ್ರತಿಬಿಂಬದ ಕಿವಿಯನ್ನು ಮುರಿತದಿಂದ 3–5 ಮಿ.ಮೀ. ಒಳಗೆ ಹೋಗುವಷ್ಟು ಉದ್ದ ಬಿಟ್ಟು ಕತ್ತರಿಸಿ, ಕತ್ತರಿಸಿದ ಬಾಯಿ ಮುಚ್ಚಿ. ಮೂಲದ ಇನ್ನೊಂದು ನಕಲನ್ನು ತೂತಿಲ್ಲದಂತೆ ಮುಚ್ಚಿ, ‘ಡಿಸ್‌ಪ್ಲೇಸ್’ ಹಾಕಿ ಹೊರಕ್ಕೆ 0.2 ಮಿ.ಮೀ. ಉಬ್ಬಿಸಿ, ‘ಮಿಡ್‌ಲೆವೆಲ್’ ಸೊನ್ನೆ ಇರಲಿ. ಈಗ ಕಿವಿಯಿಂದ ಈ ಉಬ್ಬಿದ ಮೊಗವನ್ನು ‘ಬೂಲಿಯನ್ ಡಿಫರೆನ್ಸ್’ನಲ್ಲಿ ಕಳೆಯಿರಿ. ಕಿವಿಯ ಬುಡದಲ್ಲಿ ಮುರಿದ ಮರದ ಅಚ್ಚು ತಲೆಕೆಳಗಾಗಿ ಮೂಡುತ್ತದೆ. ಆ 0.2 ಮಿ.ಮೀ. ಬಿಡುವು ಇಲ್ಲದೆ ಪ್ರಿಂಟ್ ಮಾಡಿದ್ದು ಒಳಗೆ ಇಳಿಯುವುದಿಲ್ಲ.

ಕಿವಿಯ ಬದಲು ಮೊಗ ಕೊರೆದು ಹೋದರೆ, ಅಥವಾ ಕಿವಿಯೇ ಮಾಯವಾದರೆ, ತಪ್ಪು ನಾರ್ಮಲ್‌ಗಳಲ್ಲಿದೆ, ಇಲ್ಲವೇ ಎಲ್ಲೋ ತೂತು ಉಳಿದಿದೆ. ಕಿವಿ ಒಳಗೆ ಹೋಗುವ ದಿಕ್ಕನ್ನೂ ಪರದೆಯ ಮೇಲೆ ಎಳೆದು ನೋಡಿ. ಸಿಬಿರು ಕೊಕ್ಕೆಯಂತೆ ಬಾಗಿದ್ದರೆ ಅಚ್ಚು ಸರಿಯಿದ್ದರೂ ಕಿವಿ ಇಳಿಯದು. ಕೊಕ್ಕೆಗೆ ಸಿಗುವ ಭಾಗವನ್ನು ಹೊಸ ಕಿವಿಯಲ್ಲಿ ಕೆತ್ತಿ ತೆಗೆಯಿರಿ, ಮೂಲದಲ್ಲಿ ಅಲ್ಲ.

ಹಂತ 9: ಬಣ್ಣ ಮತ್ತು ಟಿಪ್ಪಣಿ

ಮೂಲ, ಮುಚ್ಚಿದ ತೂತು, ಪ್ರತಿಬಿಂಬ, ಎರವಲು, ಊಹೆ: ಐದಕ್ಕೂ ಐದು ಬೇರೆ ವಸ್ತುವಾಗಿ, ಬೇರೆ ಬಣ್ಣದಲ್ಲಿ ಉಳಿಸಿ. ಒಂದಾಗಿ ಬೆಸೆಯಬೇಡಿ. ಜೊತೆಗೆ ಒಂದು ಸಾದಾ ಟೆಕ್ಸ್ಟ್ ಫೈಲ್: ದಿನಾಂಕ, ತಂತ್ರಾಂಶದ ಆವೃತ್ತಿ, ಡೆಪ್ತ್, ಐಸಿಪಿಯ ಅಂತರ, ಎರವಲು ಎಲ್ಲಿಂದ, ಯಾಕೆ. ಪರಂಪರೆಯ ವಸ್ತುಗಳ ಕಂಪ್ಯೂಟರ್ ಚಿತ್ರಣಕ್ಕೆ ಇರುವ ಲಂಡನ್ ಚಾರ್ಟರ್‌ನ 2009ರ ಆವೃತ್ತಿ ಕೇಳುವುದೂ ಇದನ್ನೇ, ಯಾವ ತೀರ್ಮಾನ ಯಾವ ಆಧಾರದ ಮೇಲೆ ಎಂಬ ದಾಖಲೆಯನ್ನು.

ಹಂತ 10: ಪ್ರಿಂಟ್

ಬ್ಲೆಂಡರಿನ ಅಳತೆಯ ಮಾನ ಮೀಟರ್, ಪ್ರಿಂಟರಿನದು ಮಿ.ಮೀ. ಸ್ಲೈಸರಿನಲ್ಲಿ (ಮಾದರಿಯನ್ನು ಪ್ರಿಂಟಿಗೆ ಪದರ ಪದರ ಮಾಡುವ ತಂತ್ರಾಂಶ) ಕಿವಿ ಸಾಸಿವೆಯಷ್ಟು ಕಂಡರೆ ಮಾದರಿ ಮೀಟರಿನಲ್ಲಿದೆ, ಎಸ್‌ಟಿಎಲ್ ಕಳಿಸುವಾಗ 1000ದಿಂದ ಗುಣಿಸಿಲ್ಲ ಎಂದು ತಿಳಿಯಿರಿ. ಪ್ರಿಂಟರಿಗೆ ಹಾಕುವ ಪಿಎಲ್ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಕಿವಿ ಬಾಗಿ ಸೋಲುತ್ತದೆ. ಪಿಇಟಿಜಿ ಇನ್ನಷ್ಟು ತಾಳುತ್ತದೆ.

ಮೂಲಕ್ಕೆ ಫೆವಿಕ್ವಿಕ್ ಅಂಟಿಸಬೇಡಿ, ಸ್ಕ್ರೂ ಹೊಡೆಯಬೇಡಿ. ಸಂಗ್ರಹದ ವಸ್ತುವಾದರೆ ಸಂರಕ್ಷಣೆ ಬಲ್ಲವರು ಪ್ಯಾರಾಲಾಯ್ಡ್ ಬಿ-72 ಎಂಬ ಅಂಟು ಬಳಸುತ್ತಾರೆ, ಅಸಿಟೋನ್ ಹಾಕಿದರೆ ಬಿಟ್ಟುಬರುತ್ತದೆ. ನೇಮಕ್ಕೆ (ದೈವದ ಆರಾಧನೆಗೆ) ಏರುವ ಮೊಗಕ್ಕೆ ಪ್ಲಾಸ್ಟಿಕ್ ಕಿವಿ ಬೇಕೇ ಬೇಡವೇ ಎಂಬುದು ನಮ್ಮ ಪ್ರಶ್ನೆಯಲ್ಲ. ಮನೆಯವರು ಹೊಸ ಮೊಗ ಕೆತ್ತಿಸುವುದಾದರೆ ಕೆತ್ತುವವರ ಕೈಗೆ ಪೂರ್ತಿ ಕಿವಿಯ ಪ್ರಿಂಟ್ ಕೊಡಿ, ಅಳತೆಗೆ ಅದು ಉಪಯೋಗವಾಗುತ್ತದೆ.

ಪೂರ್ತಿ ಕಿವಿಗೆ ಹೋಗುವ ಮೊದಲು ಬುಡದ 10 ಮಿ.ಮೀ. ಮಾತ್ರ ಕತ್ತರಿಸಿ 0.12 ಮಿ.ಮೀ. ಪದರದಲ್ಲಿ ಪ್ರಿಂಟ್ ಮಾಡಿ. ಮುರಿದ ಜಾಗಕ್ಕೆ ಮೆತ್ತಗೆ ಹಿಡಿಯಿರಿ, ಒತ್ತಬೇಡಿ. ಅಲುಗಾಡದೆ ಕೂತು, ಸುತ್ತಲಿನ ಸಂದು ಎಲ್ಲ ಕಡೆ ಒಂದೇ ಸಮನಾಗಿದ್ದರೆ ಮಾತ್ರ ಇಡೀ ಕಿವಿ ಪ್ರಿಂಟಿಗೆ ಹಾಕಿ. ಒಂದು ಬದಿ ಮುಟ್ಟಿ ಇನ್ನೊಂದು ಬದಿ ಬಾಯಿ ಬಿಟ್ಟಿದ್ದರೆ ಉಪ್ಪುಕಾಗದ ಹಿಡಿದು ತಿಕ್ಕಲು ಹೋಗಬೇಡಿ, ಹಂತ 5ರ ನಾಲ್ಕನೆಯ ಕೆಲಸವನ್ನು ಮತ್ತೆ ಮಾಡಿ.